ಮಳೆ ಬಂದರೆ ಇಂಟರ್ನೆಟ್ ಏಕೆ ಕುಂಟುತ್ತದೆ?

ಮಕ್ಕಳೇ, ಮನೆಯ ಇಂಟರ್ನೆಟ್ ನಿಧಾನವಾದರೆ ನಿಮ್ಮ ಮನೆಯಲ್ಲಿ ಮೊದಲು ಯಾರನ್ನು ಬೈಯುತ್ತಾರೆ? ಮಳೆಯನ್ನೇ? ಕಂಪನಿಯನ್ನೇ? ಮೊಬೈಲನ್ನೇ? ಅಥವಾ ಮೊಬೈಲ್ ಹಿಡಿದು ಕುಳಿತ ನಿಮ್ಮನ್ನೇ?

ಬೈದರೆ ನೆಟ್ ಬರುವುದಿಲ್ಲ. ತೊಂದರೆ ಎಲ್ಲಿದೆ ಎಂದು ಗೊತ್ತಾದರೆ ಬರುತ್ತದೆ. ಅದನ್ನು ಪತ್ತೆ ಹಚ್ಚಲು ಎಂಜಿನಿಯರ್ ಆಗಬೇಕಿಲ್ಲ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಸ್ವಲ್ಪ ತಾಳ್ಮೆ ಸಾಕು.

ನಮ್ಮ ಸಕಲೇಶಪುರ, ಆಲೂರು ಸೀಮೆಗೆ ಈ ವಿದ್ಯೆ ಬಹಳ ಅಗತ್ಯ. 2020 ಮತ್ತು 2021ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಎಷ್ಟೋ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ, ಸಿಗ್ನಲ್ ಸಿಗುವ ಬಂಡೆಯ ಮೇಲೆ ಕೊಡೆ ಹಿಡಿದು ಕುಳಿತರು. ಇಂದು ವಿದ್ಯಾರ್ಥಿವೇತನದ ಅರ್ಜಿ, ಕಾಫಿ ಮತ್ತು ಮೆಣಸಿನ ಧಾರಣೆ, ದೂರದೂರಿನಲ್ಲಿರುವ ಅಕ್ಕನ ವಿಡಿಯೊ ಕರೆ ಎಲ್ಲವೂ ಇದೇ ದಾರಿಯಲ್ಲಿ ಬರುತ್ತವೆ. ಕಾಡಾನೆಗಳು ಇವತ್ತು ಯಾವ ತೋಟದಲ್ಲಿವೆ ಎಂಬ ಎಚ್ಚರಿಕೆಯೂ ಮೊಬೈಲಿಗೇ ಬರುತ್ತದೆ. ಮೊಬೈಲ್ ಸಿಗ್ನಲ್ ಸಿಗದ ಮನೆಗಳಲ್ಲಿ ವೈ-ಫೈ ಒಂದೇ ಗತಿ. ಆ ಸುದ್ದಿ ತಡವಾದರೆ ಏನಾದೀತು, ಯೋಚಿಸಿ.

ಝರಿಯ ಪೈಪು ಕಲಿಸುವ ಪಾಠ

ನಮ್ಮ ಕಡೆ ಗುಡ್ಡದ ಝರಿಯಿಂದ ಪೈಪು ಹಾಕಿ ಮನೆಗೆ ನೀರು ತರುವುದುಂಟು. ನಲ್ಲಿಯಲ್ಲಿ ನೀರು ನಿಂತರೆ ಮನೆಯವರು ಏನು ಮಾಡುತ್ತಾರೆ? ಇಡೀ ಪೈಪನ್ನು ಕಿತ್ತು ಹಾಕುವುದಿಲ್ಲ. ಮೊದಲು ನಲ್ಲಿ ನೋಡುತ್ತಾರೆ. ಆಮೇಲೆ ಅಂಗಳದ ಜಾಯಿಂಟ್ ಬಿಚ್ಚಿ ನೋಡುತ್ತಾರೆ. ಅಲ್ಲಿ ನೀರು ಚೆನ್ನಾಗಿ ಬರುತ್ತಿದ್ದರೆ ತೊಂದರೆ ಈಚೆಗಿದೆ. ಬಾರದಿದ್ದರೆ ಆಚೆಗಿದೆ. ಹೀಗೆ ಒಂದೊಂದೇ ಜಾಯಿಂಟ್ ನೋಡುತ್ತ ಗುಡ್ಡ ಹತ್ತುತ್ತಾರೆ. ಕೊನೆಗೆ ಎಲ್ಲೋ ಒಂದು ಕಡೆ ತರಗೆಲೆ ಸಿಕ್ಕಿಕೊಂಡಿರುತ್ತದೆ.

ಬ್ರಾಡ್‌ಬ್ಯಾಂಡಿನ ದಾರಿಯೂ ಹಾಗೆಯೇ. ಅದನ್ನು ಐದು ತುಂಡುಗಳಾಗಿ ಮಾಡಿಕೊಳ್ಳೋಣ.

1. ನೀವು ಬಳಸುವ ಮೊಬೈಲ್ ಅಥವಾ ಕಂಪ್ಯೂಟರ್.
2. ಅಲ್ಲಿಂದ ರೂಟರ್ ಪೆಟ್ಟಿಗೆಯವರೆಗಿನ ಗಾಳಿಯ ದಾರಿ. ಇದೇ ವೈ-ಫೈ. (ರೂಟರನ್ನು ಕೆಲವು ಮನೆಗಳಲ್ಲಿ ಮೋಡೆಮ್ ಎಂದೂ ಕರೆಯುತ್ತಾರೆ.)
3. ರೂಟರ್ ಪೆಟ್ಟಿಗೆ ಮತ್ತು ಅದಕ್ಕೆ ಬರುವ ಕರೆಂಟ್.
4. ಮನೆಯಿಂದ ಕಂಬಗಳ ಮೇಲೆ ಹಾದು ಎಕ್ಸ್‌ಚೇಂಜ್ ಸೇರುವ ತಂತಿ.
5. ಎಕ್ಸ್‌ಚೇಂಜಿನಿಂದ ಆಚೆಗಿನ ಹೆದ್ದಾರಿ.

ನಿಯಮ ಒಂದೇ: ಒಂದು ಸಲಕ್ಕೆ ಒಂದೇ ತುಂಡನ್ನು ಪರೀಕ್ಷಿಸಬೇಕು, ಒಂದೇ ಬದಲಾವಣೆ ಮಾಡಬೇಕು. ಮೂರು ಬದಲಾವಣೆ ಒಟ್ಟಿಗೆ ಮಾಡಿದಾಗ ನೆಟ್ ಸರಿಹೋದರೆ ಯಾವುದರಿಂದ ಸರಿಹೋಯಿತು ಎಂಬುದು ಗೊತ್ತೇ ಆಗುವುದಿಲ್ಲ. ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಅನುಸರಿಸುವ ನಿಯಮವೂ ಇದೇ.

ದೂರ ಕಾರಣವೇ?

"ನಮ್ಮೂರು ಬೆಂಗಳೂರಿನಿಂದ ದೂರ, ಅದಕ್ಕೇ ನೆಟ್ ನಿಧಾನ" ಎಂದು ಹಲವರು ಹೇಳುತ್ತಾರೆ. ಇದು ನಿಜವೇ? ಲೆಕ್ಕ ಹಾಕಿ ನೋಡೋಣ.

ಬೆಳಕು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸಾಗುತ್ತದೆ. ಗಾಜಿನ ಎಳೆಯೊಳಗೆ ಅದರ ವೇಗ ಸುಮಾರು 2 ಲಕ್ಷ ಕಿ.ಮೀ. ಸಕಲೇಶಪುರದಿಂದ ಬೆಂಗಳೂರಿಗೆ ಸುಮಾರು 220 ಕಿ.ಮೀ. ಅಂದರೆ ಬೆಳಕು ಬೆಂಗಳೂರು ತಲುಪಲು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಸಮಯ ಸಾಕು! ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಹಲವು ಹತ್ತು ಸಲ ಹೋಗಿ ಬರಬಹುದು. ಆದ್ದರಿಂದ ದೂರದ ಮೇಲೆ ತಪ್ಪು ಹೊರಿಸುವಂತಿಲ್ಲ.

ದೂರದಿಂದಲೇ ತಡವಾಗುವ ಉದಾಹರಣೆಯೂ ನಮ್ಮ ಜಿಲ್ಲೆಯಲ್ಲೇ ಇದೆ. ಹಾಸನದಲ್ಲಿ ಇಸ್ರೊ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಲ್ಲಿ ಆರಂಭವಾದ ಈ ಕೇಂದ್ರ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುತ್ತದೆ. ಆ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಅಂತಹ ಉಪಗ್ರಹದ ಮೂಲಕ ಮಾತು ಕಳಿಸಿದರೆ ಮೇಲೆ ಹೋಗಿ ಕೆಳಗೆ ಬರಲು 72,000 ಕಿ.ಮೀ. ಆಯಿತು. ಅದಕ್ಕೆ 0.24 ಸೆಕೆಂಡ್ ಬೇಕು. ಎದುರಿನವರ ಉತ್ತರ ಬರಲು ಮತ್ತೆ 0.24 ಸೆಕೆಂಡ್. ಒಟ್ಟು ಸುಮಾರು ಅರ್ಧ ಸೆಕೆಂಡ್. ಮಾತಿನ ನಡುವೆ ಈ ತಡ ನಮ್ಮ ಅರಿವಿಗೆ ಬರುತ್ತದೆ.

ಹಾಗಾದರೆ ತಂತಿಯಲ್ಲಿ ಬರುವ ನೆಟ್ ಏಕೆ ನಿಧಾನ? ಎರಡು ಕಾರಣಗಳಿವೆ. ಒಂದು, ದಾರಿ ಕಿರಿದಾಗಿರಬಹುದು. ಎರಡು, ದಾರಿಯಲ್ಲಿ ಮಾಹಿತಿ ಕಳೆದುಹೋಗುತ್ತಿರಬಹುದು.

ಕಿರಿದಾದ ದಾರಿ

ಮಾಹಿತಿಯ ಅತಿ ಚಿಕ್ಕ ಅಂಶ ಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಸಂಪರ್ಕದ ವೇಗವನ್ನು ಬಿಟ್‌ಗಳಲ್ಲೂ ಫೈಲಿನ ಗಾತ್ರವನ್ನು ಬೈಟ್‌ಗಳಲ್ಲೂ ಹೇಳುತ್ತಾರೆ. ಇಲ್ಲಿ ಅನೇಕರು ಮೋಸ ಹೋಗುತ್ತಾರೆ. 30 ಮೆಗಾಬೈಟ್‌ನ ಪಾಠದ ವಿಡಿಯೊ ಎಂದರೆ 240 ಮೆಗಾಬಿಟ್. ಸೆಕೆಂಡಿಗೆ 10 ಮೆಗಾಬಿಟ್ ಸಂಪರ್ಕದಲ್ಲಿ ಅದು ಬರಲು 24 ಸೆಕೆಂಡ್ ಬೇಕು. 3 ಸೆಕೆಂಡ್ ಅಲ್ಲ.

ನಮ್ಮ ದೇಶದ 2004ರ ಬ್ರಾಡ್‌ಬ್ಯಾಂಡ್ ನೀತಿಯಂತೆ ಸೆಕೆಂಡಿಗೆ 256 ಕಿಲೊಬಿಟ್ ಬಂದರೆ ಅದೇ ಬ್ರಾಡ್‌ಬ್ಯಾಂಡ್. ಆ ವೇಗದಲ್ಲಿ ಇದೇ ವಿಡಿಯೊ ಬರಲು ಕಾಲು ಗಂಟೆಗೂ ಹೆಚ್ಚು ಬೇಕು. 2013ರಲ್ಲಿ ಈ ಮಿತಿಯನ್ನು 512 ಕಿಲೊಬಿಟ್‌ಗೆ, 2023ರಲ್ಲಿ 2 ಮೆಗಾಬಿಟ್‌ಗೆ ಏರಿಸಲಾಯಿತು.

ಮನೆಯವರೆಲ್ಲ ಒಂದೇ ಸಂಪರ್ಕವನ್ನು ಹಂಚಿಕೊಳ್ಳುತ್ತಾರೆ ಎಂಬುದನ್ನೂ ಮರೆಯಬೇಡಿ. ಅಣ್ಣನ ಮೊಬೈಲ್ ಸದ್ದಿಲ್ಲದೆ ಹೊಸ ಆವೃತ್ತಿಯ ಆ್ಯಪ್‌ಗಳನ್ನು ಇಳಿಸಿಕೊಳ್ಳುತ್ತಿದ್ದರೆ ನಿಮ್ಮ ಪಾಠ ನಿಲ್ಲುತ್ತದೆ.

ಕಳೆದುಹೋಗುವ ಪೊಟ್ಟಣಗಳು

ಇಂಟರ್ನೆಟ್‌ನಲ್ಲಿ ಒಂದು ಚಿತ್ರ ಇಡಿಯಾಗಿ ಬರುವುದಿಲ್ಲ. ಅದನ್ನು ಸುಮಾರು 1500 ಬೈಟ್‌ಗಳ ಚಿಕ್ಕ ಪೊಟ್ಟಣಗಳಾಗಿ ಒಡೆದು, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು ಕಳಿಸುತ್ತಾರೆ. ಪುಸ್ತಕವೊಂದರ ಹಾಳೆಗಳನ್ನು ಬೇರೆ ಬೇರೆ ಲಕೋಟೆಯಲ್ಲಿ ಅಂಚೆಗೆ ಹಾಕಿದಂತೆ. ನಿಮ್ಮ ಮೊಬೈಲ್ ಅವನ್ನು ಸಂಖ್ಯೆಯಂತೆ ಜೋಡಿಸುತ್ತದೆ. 17ನೆಯದು ಬಾರದಿದ್ದರೆ "ಮತ್ತೆ ಕಳಿಸಿ" ಎಂದು ಕೇಳುತ್ತದೆ. ಹೀಗೆ ಮತ್ತೆ ಮತ್ತೆ ಕೇಳುವುದರಿಂದಲೇ ನೆಟ್ ನಿಧಾನವಾಗುತ್ತದೆ.

ವಿಡಿಯೊ ಕರೆಯಲ್ಲಿ ಮತ್ತೆ ಕೇಳಲು ಪುರುಸೊತ್ತಿಲ್ಲ. ಕಳೆದುಹೋದ ತುಣುಕನ್ನು ಬಿಟ್ಟೇ ಮುಂದುವರಿಯಬೇಕು. ಆಗ ಅಕ್ಕನ ಮಾತು ತುಂಡಾಗುತ್ತದೆ, ಮುಖ ಚೌಕ ಚೌಕವಾಗುತ್ತದೆ. ಹಾಡು ಚೆನ್ನಾಗಿ ಇಳಿಯುತ್ತದೆ, ಕರೆ ಮಾತ್ರ ತುಂಡಾಗುತ್ತದೆ ಎಂದಾದರೆ ದಾರಿ ಕಿರಿದಾಗಿಲ್ಲ. ಪೊಟ್ಟಣಗಳು ಸೋರುತ್ತಿವೆ ಅಥವಾ ತಡವಾಗಿ ಬರುತ್ತಿವೆ ಎಂದು ತಿಳಿಯಬೇಕು.

ಗೋಡೆ, ಬೀರು ಮತ್ತು ವೈ-ಫೈ

ಈಗ ಪರೀಕ್ಷೆಗೆ ಇಳಿಯೋಣ. ಮೊದಲ ಪ್ರಶ್ನೆ: ಒಂದೇ ಮೊಬೈಲಿನಲ್ಲಿ ನಿಧಾನವೇ, ಎಲ್ಲದರಲ್ಲೂ ನಿಧಾನವೇ? ಒಂದರಲ್ಲೇ ಆದರೆ ತೊಂದರೆ ಮೊದಲ ತುಂಡಿನಲ್ಲಿದೆ. ಆ ಮೊಬೈಲನ್ನು ಒಮ್ಮೆ ಆರಿಸಿ ಹಚ್ಚಿ ನೋಡಿ.

ಎರಡನೆಯ ಪ್ರಶ್ನೆ: ರೂಟರ್ ಪಕ್ಕದಲ್ಲೇ ನಿಂತರೆ ಹೇಗಿದೆ? ಅಲ್ಲಿ ಚೆನ್ನಾಗಿದ್ದು ಅಡುಗೆಮನೆಯಲ್ಲಿ ಕೆಟ್ಟಿದ್ದರೆ ತಪ್ಪು ವೈ-ಫೈಯದು, ಹೊರಗಿನ ತಂತಿಯದಲ್ಲ.

ವೈ-ಫೈ ಎಂದರೆ ರೇಡಿಯೊ ತರಂಗ. ಸಾಮಾನ್ಯವಾಗಿ ಅದರ ಆವೃತ್ತಿ 2.4 ಅಥವಾ 5 ಗಿಗಾಹರ್ಟ್ಸ್. ಮೊದಲನೆಯದರ ತರಂಗದೂರ ಸುಮಾರು 12 ಸೆಂ.ಮೀ., ಎರಡನೆಯದರದು ಸುಮಾರು 6 ಸೆಂ.ಮೀ. 5 ಗಿಗಾಹರ್ಟ್ಸ್ ಹೆಚ್ಚು ವೇಗ ಕೊಡುತ್ತದೆ, ಆದರೆ ಗೋಡೆಗಳಲ್ಲಿ ಬೇಗ ಸೊರಗುತ್ತದೆ. ನಮ್ಮ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ, ಕಲ್ಲಿನ ಗೋಡೆಗಳೆಂದರೆ ಅದಕ್ಕೆ ಕಷ್ಟ. ಮಳೆಗಾಲದಲ್ಲಿ ಗೋಡೆ ನೀರು ಕುಡಿದಿದ್ದರೆ ಇನ್ನೂ ಕಷ್ಟ. ಏಕೆಂದರೆ ನೀರು ಈ ತರಂಗಗಳನ್ನು ಹೀರುತ್ತದೆ. ಲೋಹ ಅವನ್ನು ಹಿಂದಕ್ಕೆ ಎಸೆಯುತ್ತದೆ. ಕಬ್ಬಿಣದ ಬೀರುವಿನ ಹಿಂದೆ, ಟಿ.ವಿ.ಯ ಬೆನ್ನಿಗೆ, ನೀರಿನ ಡ್ರಮ್ಮಿನ ಪಕ್ಕ ರೂಟರ್ ಇಟ್ಟರೆ ಅದು ಏನು ಮಾಡೀತು? ಮನೆಯ ನಡುವೆ, ಎದೆಯೆತ್ತರದ ಹಲಗೆಯ ಮೇಲೆ ಇಡಿ. ಧೂಳು ಕೂರದಿರಲೆಂದು ಕಸೂತಿ ಬಟ್ಟೆ ಹೊದಿಸುವುದುಂಟು. ಅದು ಬೇಡ. ಪೆಟ್ಟಿಗೆಗೆ ಸೆಕೆಯಾಗುತ್ತದೆ!

ದೀಪಗಳು ಹೇಳುವ ಸುದ್ದಿ

ರೂಟರ್ ಪಕ್ಕದಲ್ಲೇ ನಿಂತರೂ ನಿಧಾನವೇ? ಹಾಗಾದರೆ ಮೂರನೆಯ ತುಂಡಿಗೆ ಬನ್ನಿ. ಪೆಟ್ಟಿಗೆಯನ್ನು ಆರಿಸಿ, ಮೂವತ್ತರವರೆಗೆ ಎಣಿಸಿ, ಮತ್ತೆ ಹಚ್ಚಿ. ಇದೇನು ಮಂತ್ರವಲ್ಲ. ಪೆಟ್ಟಿಗೆಯೊಳಗೆ ಒಂದು ಚಿಕ್ಕ ಕಂಪ್ಯೂಟರಿದೆ. ಬಹಳ ದಿನ ಬಿಡುವಿಲ್ಲದೆ ದುಡಿದಾಗ ಅದರ ಸ್ಮರಣೆಯಲ್ಲಿ ಬೇಡದ ಕೊಸರು ತುಂಬಿ ತೊಡಕಾಗಬಹುದು. ಆರಿಸಿದರೆ ಅದೆಲ್ಲ ಅಳಿಸಿ ಹೊಸದಾಗಿ ಆರಂಭವಾಗುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಕುಸಿದರೂ ಪೆಟ್ಟಿಗೆ ತಾನಾಗಿ ಆರಿ ಹತ್ತುವುದುಂಟು. ಬಲ್ಬು ಮಂಕಾದ ಹೊತ್ತಿಗೇ ನೆಟ್ ಹೋಗುತ್ತದೆಯೇ ಎಂದು ಗಮನಿಸಿ.

ಆಮೇಲೆ ದೀಪಗಳನ್ನು ನೋಡಿ. ಫೈಬರ್ ಪೆಟ್ಟಿಗೆಯಲ್ಲಿ 'ಪಿಓಎನ್' ಎಂಬ ದೀಪ ಹಸಿರಾಗಿ ಸ್ಥಿರವಾಗಿ ಉರಿಯುತ್ತಿದ್ದರೆ ಎಕ್ಸ್‌ಚೇಂಜಿನೊಂದಿಗೆ ಮಾತುಕತೆ ನಡೆದಿದೆ ಎಂದರ್ಥ. 'ಎಲ್ಓಎಸ್' ಎಂಬ ದೀಪ ಕೆಂಪಾಗಿ ಮಿನುಗಿದರೆ ಬೆಳಕು ನಿಮ್ಮ ಮನೆಗೆ ಸಾಕಷ್ಟು ಬರುತ್ತಿಲ್ಲ. ಆಗ ತೊಂದರೆ ನಾಲ್ಕನೆಯ ತುಂಡಿನಲ್ಲಿದೆ.

ಗಾಜಿನ ಎಳೆಯಲ್ಲಿ ಬೆಳಕಿನ ಪಯಣ

2005ರಲ್ಲಿ ಬಿಎಸ್ಎನ್ಎಲ್ ಬ್ರಾಡ್‌ಬ್ಯಾಂಡ್ ಬಂದಾಗ ಅದು ಟೆಲಿಫೋನಿನ ತಾಮ್ರದ ತಂತಿಯಲ್ಲೇ ಹರಿಯುತ್ತಿತ್ತು. ತಾಮ್ರದಲ್ಲಿ ಸಂಕೇತ ಬೇಗ ಸೊರಗುತ್ತದೆ. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿ.ಮೀ. ದಾಟಿದ ಮನೆಗೆ ವೇಗ ತೀರ ಕಡಿಮೆ. ತೋಟದ ಒಳಗಿನ ಒಂಟಿ ಮನೆಗಳಿಗಂತೂ ಕೇಳುವುದೇ ಬೇಡ. ಜಾಯಿಂಟಿಗೆ ಮಳೆನೀರು ಇಳಿದರೆ ಫೋನಿನಲ್ಲಿ ಕರಕರ ಸದ್ದು ಬರುತ್ತಿತ್ತು. ನೆಟ್ ಕಡಿದು ಹೋಗುತ್ತಿತ್ತು. 2011ರಲ್ಲಿ ಕೇಂದ್ರ ಸರ್ಕಾರ ಗ್ರಾಮ ಪಂಚಾಯಿತಿಗಳವರೆಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ಈಗಿನ ಭಾರತ್‌ನೆಟ್. ಇಂದು ಬಹಳಷ್ಟು ಕಡೆ ತಾಮ್ರದ ಜಾಗಕ್ಕೆ ಗಾಜಿನ ಎಳೆ ಬಂದಿದೆ.

ಈ ಎಳೆಯ ದಪ್ಪ 0.125 ಮಿ.ಮೀ., ಹೆಚ್ಚುಕಡಿಮೆ ನಿಮ್ಮ ತಲೆಗೂದಲಿನಷ್ಟು. ಅದರೊಳಗೆ ಬೆಳಕು ಅಂಚಿಗೆ ಓರೆಯಾಗಿ ತಾಗಿ ಹೊರಗೆ ಹೋಗಲಾರದೆ ಮತ್ತೆ ಒಳಕ್ಕೇ ಮರಳುತ್ತದೆ. ಇದನ್ನು ಸಂಪೂರ್ಣ ಆಂತರಿಕ ಪ್ರತಿಫಲನ ಎನ್ನುವರು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1954ರಲ್ಲಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿದ ಪ್ರಯೋಗವನ್ನು ಪ್ರಕಟಿಸಿದರು. ಗಾಜು ಶುದ್ಧವಾಗಿದ್ದರೆ ಬೆಳಕು ಬಹುದೂರ ಹೋಗಬಲ್ಲದು ಎಂದು 1966ರಲ್ಲಿ ತೋರಿಸಿದವರು ಚಾರ್ಲ್ಸ್ ಕಾವ್. ಅದಕ್ಕಾಗಿ ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಎಳೆಯನ್ನು ತೀರ ಬಗ್ಗಿಸಿದರೆ ಏನಾಗುತ್ತದೆ? ಬೆಳಕು ಅಂಚಿಗೆ ನೇರವಾಗಿ ತಾಗಿ ಹೊರಗೆ ಸೋರಿಹೋಗುತ್ತದೆ. ಕಿಟಕಿಯ ಸಂದಿಯಲ್ಲಿ ಮಡಿಸಿದ್ದರೆ, ಮೊಳೆಗೆ ಬಿಗಿಯಾಗಿ ಸುತ್ತಿದ್ದರೆ ತಂತಿ ತುಂಡಾಗದೆಯೇ ನೆಟ್ ನಿಧಾನವಾಗಬಹುದು. ಸುರುಳಿ ಸುತ್ತುವಾಗ ಊಟದ ತಟ್ಟೆಯಷ್ಟು ಅಗಲವಾಗಿ ಸುತ್ತಿ.

ಲೈನ್‌ಮನ್ ಬಳಿ ಈ ಬೆಳಕನ್ನು ಅಳೆಯುವ ಉಪಕರಣವಿರುತ್ತದೆ. ಅದು ತೋರಿಸುವುದು ಋಣ ಸಂಖ್ಯೆಗಳನ್ನು! −20 ಇದ್ದರೆ ಚೆನ್ನಾಗಿದೆ. −30 ಇದ್ದರೆ ಬೆಳಕು ಸಾಲದು. ಗಣಿತ ತರಗತಿಯಲ್ಲಿ −20 ಮತ್ತು −30ರಲ್ಲಿ ಯಾವುದು ದೊಡ್ಡದು ಎಂದು ಕೇಳಿದ್ದು ನೆನಪಿದೆಯೇ? ಇಲ್ಲಿ ಹತ್ತು ಕಡಿಮೆಯಾದರೆ ಬೆಳಕು ಹತ್ತನೆಯ ಒಂದು ಭಾಗಕ್ಕೆ ಇಳಿದಂತೆ.

ಮಾಡಿ ನೋಡಿ

ಒಂದು ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ಪಕ್ಕದಲ್ಲಿ ಚಿಕ್ಕ ತೂತು ಮಾಡಿ. ತೂತನ್ನು ಬೆರಳಿನಿಂದ ಮುಚ್ಚಿ ನೀರು ತುಂಬಿ. ಕತ್ತಲೆ ಕೋಣೆಯಲ್ಲಿ ತೂತಿನ ಎದುರು ಬದಿಯಿಂದ ಟಾರ್ಚ್ ಬೆಳಕು ಬಿಟ್ಟು ಬೆರಳು ತೆಗೆಯಿರಿ. ಬಾಗಿ ಬೀಳುವ ನೀರಿನ ಧಾರೆಯೊಳಗೇ ಬೆಳಕೂ ಬಾಗಿ ಬರುವುದನ್ನು ನೋಡಿ. ಧಾರೆ ಬೀಳುವಲ್ಲಿ ಅಂಗೈ ಹಿಡಿದರೆ ಅಂಗೈ ಬೆಳಗುತ್ತದೆ. 1854ರಲ್ಲಿ ಜಾನ್ ಟಿಂಡಾಲ್ ಲಂಡನ್ನಿನಲ್ಲಿ ಇಂತಹುದೇ ಪ್ರಯೋಗ ತೋರಿಸಿದ್ದರು.

ಮಳೆಯ ಪಾತ್ರವೇನು?

ಈಗ ಮೊದಲ ಪ್ರಶ್ನೆಗೆ ಬರೋಣ. ಗಾಜಿನೊಳಗೆ ಸಾಗುವ ಬೆಳಕಿಗೆ ಹೊರಗಿನ ಮಳೆ ಗೊತ್ತೇ ಆಗುವುದಿಲ್ಲ. ಆದರೆ ಮಳೆ ಬೇರೆ ದಾರಿಗಳಿಂದ ಬರುತ್ತದೆ. ಪುಷ್ಯ ಮಳೆಯ ಗಾಳಿಗೆ ಸಿಲ್ವರ್ ಓಕ್ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ. ನೆನೆದ ಮಣ್ಣಿನಲ್ಲಿ ಕಂಬ ವಾಲಿ ತಂತಿ ಜಗ್ಗುತ್ತದೆ. ಜಾಯಿಂಟ್ ಡಬ್ಬಿಗೆ ನೀರು ಇಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕರೆಂಟ್ ಹೋಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೂ ದಾರಿಯ ನಡುವಿನ ಉಪಕರಣದ ಬ್ಯಾಟರಿ ಮುಗಿದರೆ ನೆಟ್ ನಿಲ್ಲುತ್ತದೆ.

ಛಾವಣಿಯ ಡಿಶ್‌ನ ಕತೆ ಬೇರೆ. ಉಪಗ್ರಹದಿಂದ ಅದಕ್ಕೆ ಬರುವ ತರಂಗದ ತರಂಗದೂರ ಕೇವಲ ಎರಡೂವರೆ ಸೆಂ.ಮೀ. ಆಸುಪಾಸು. ದಟ್ಟ ಮಳೆಹನಿಗಳು ಅದನ್ನು ಹೀರಿ ಚದುರಿಸುತ್ತವೆ. ಅದಕ್ಕೇ ಜೋರು ಮಳೆಯಲ್ಲಿ ಟಿ.ವಿ. ಚಿತ್ರ ಮಾಯವಾಗುತ್ತದೆ. ಮೊಬೈಲ್ ತರಂಗಗಳು ಇದಕ್ಕಿಂತ ಉದ್ದ. ಮಳೆ ಅವಕ್ಕೆ ಅಷ್ಟು ತೊಂದರೆ ಕೊಡುವುದಿಲ್ಲ. ಅವುಗಳ ಶತ್ರು ಗುಡ್ಡ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದ ಕಡೆಗೆ ಘಾಟಿ ಇಳಿಯುವ ರೈಲು ದಾರಿಯಲ್ಲಿ 57 ಸುರಂಗಗಳಿವೆ. ಸುರಂಗ ಹೊಕ್ಕರೆ ಮೊಬೈಲ್ ಕರೆ ಕಡಿಯುತ್ತದೆ ಅಲ್ಲವೇ? ಟವರಿಗೂ ನಿಮ್ಮ ಮನೆಗೂ ನಡುವೆ ಗುಡ್ಡ ನಿಂತರೆ ಆಗುವುದೂ ಅದೇ. ಮೊಬೈಲ್‌ನಿಂದಲೇ ನೆಟ್ ಪಡೆಯುವ ಮನೆಯವರು ಟವರ್ ಇರುವ ದಿಕ್ಕಿನ ಕಿಟಕಿಯ ಬಳಿ ಅದನ್ನಿಟ್ಟು ನೋಡಬೇಕು.

ಮಳೆಯೂ ಇಲ್ಲ, ಕರೆಂಟೂ ಇದೆ, ಆದರೂ ದಿನಾ ಸಂಜೆ ನಿಧಾನವೇ? ಒಂದು ಫೈಬರ್ ಎಳೆಯನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳವರೆಗೆ ಹಂಚುತ್ತಾರೆ. ಎಂಟು ಗಂಟೆಗೆ ಎಲ್ಲರೂ ವಿಡಿಯೊ ನೋಡತೊಡಗಿದರೆ ಐದನೆಯ ತುಂಡಿನಲ್ಲಿ ಸಂತೆಯ ದಿನದ ನೂಕುನುಗ್ಗಲು. ಬೆಳಿಗ್ಗೆ ಆರಕ್ಕೆ ಅದೇ ದಾರಿ ಖಾಲಿ. ದೊಡ್ಡ ಫೈಲುಗಳನ್ನು ಆಗ ಇಳಿಸಿಕೊಳ್ಳಿ.

ಏಳು ದಿನದ ಲೆಕ್ಕ

ಒಂದು ವಾರ ದಿನಕ್ಕೆ ಮೂರು ಸಲ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಈ ಆರು ವಿಷಯಗಳನ್ನು ಬರೆದಿಡಿ: ಸಮಯ, ಮಳೆ ಇದೆಯೇ, ಕರೆಂಟ್ ಇದೆಯೇ, ಯಾವ ದೀಪ ಯಾವ ಬಣ್ಣ, ರೂಟರ್ ಪಕ್ಕದಲ್ಲಿ ಹೇಗಿದೆ, ದೂರದ ಕೋಣೆಯಲ್ಲಿ ಹೇಗಿದೆ. ವೇಗ ಅಳೆಯುವ ಪುಟ ತೆರೆಯಲು ಬಂದರೆ ಅದರ ಅಂಕಿಯನ್ನೂ ಬರೆಯಿರಿ.

ಇದರಿಂದ ಏನು ಲಾಭ? ಲೈನ್‌ಮನ್ ಮಳೆಯಲ್ಲಿ ನೆನೆದು ಹಲವು ಕಿ.ಮೀ. ಬರಬೇಕು. "ನೆಟ್ ಸರಿಯಿಲ್ಲ" ಎಂದಷ್ಟೇ ಹೇಳಿದರೆ ಅವರು ಏನು ತರಬೇಕು? "ಮಂಗಳವಾರ ಗಾಳಿ ಬೀಸಿದ ಮೇಲೆ ಎಲ್ಓಎಸ್ ದೀಪ ಕೆಂಪಾಗಿದೆ, ಕರೆಂಟ್ ಇದೆ, ಪೆಟ್ಟಿಗೆ ಆರಿಸಿ ಹಚ್ಚಿದ್ದೇವೆ" ಎಂದರೆ ಎಳೆ ಜೋಡಿಸುವ ಉಪಕರಣವನ್ನೇ ಹೊತ್ತು ಬರುತ್ತಾರೆ. ಒಂದು ದಿನ ಉಳಿಯಿತು. ಬೀರುವಿನ ಹಿಂದಿನ ರೂಟರಿನ ತಪ್ಪಿಗೆ ಅವರನ್ನು ಕರೆಸುವುದೂ ತಪ್ಪಿತು. ಆ ಹೊತ್ತಿನಲ್ಲಿ ಅವರು ನಿಜವಾಗಿ ತಂತಿ ಕಡಿದ ಮನೆಗೆ ಹೋಗುತ್ತಾರೆ.

ಎಚ್ಚರಿಕೆ!

* ಕಡಿದ ಫೈಬರಿನ ತುದಿಗೆ ಕಣ್ಣಿಟ್ಟು ನೋಡಬೇಡಿ. ಅದರಲ್ಲಿ ಬರುವ ಅವಕೆಂಪು ಬೆಳಕು ಕಾಣಿಸುವುದಿಲ್ಲ, ಆದರೆ ಕಣ್ಣಿಗೆ ಅಪಾಯ. ಗಾಜಿನ ಚೂರು ಬೆರಳಿಗೆ ಚುಚ್ಚೀತು.
* ಜೋತುಬಿದ್ದ ಯಾವ ತಂತಿಯನ್ನೂ ಮುಟ್ಟಬೇಡಿ. ಅದು ಕರೆಂಟಿನ ತಂತಿಗೆ ತಾಗಿರಬಹುದು. ಕಂಬ ಹತ್ತುವುದು ಲೈನ್‌ಮನ್ ಕೆಲಸ.
* ಗುಡುಗು ಆರಂಭವಾಗುವ ಮೊದಲೇ ದೊಡ್ಡವರಿಗೆ ಹೇಳಿ ಪ್ಲಗ್ ತೆಗೆಸಿ. ಗುಡುಗುವಾಗ ಮುಟ್ಟಬೇಡಿ.

ನೀವೇ ಪತ್ತೇದಾರರು

1. ಪಾಳ್ಯದ ಒಂದು ಮನೆಯಲ್ಲಿ ಜಗುಲಿಯಲ್ಲಿ ನೆಟ್ ಚೆನ್ನ, ಅಡುಗೆಮನೆಯಲ್ಲಿ ಇಲ್ಲ. ಮಳೆ ಇರಲಿ ಬಿಡಲಿ ಹೀಗೆಯೇ.
2. ಕುಂದೂರಿನ ಒಂದು ಮನೆಯಲ್ಲಿ ಬೆಳಿಗ್ಗೆ ಚೆನ್ನ, ರಾತ್ರಿ ಎಂಟರಿಂದ ಹತ್ತರವರೆಗೆ ನಿಧಾನ. ದೀಪಗಳೆಲ್ಲ ಹಸಿರು. ಪಕ್ಕದ ಮನೆಯಲ್ಲೂ ಹೀಗೆಯೇ.
3. ಹೆತ್ತೂರಿನ ಒಂದು ಮನೆಯಲ್ಲಿ ಕಿಟಕಿ ಮುಚ್ಚಿದಾಗಲೆಲ್ಲ ಕೆಂಪು ದೀಪ ಮಿನುಗುತ್ತದೆ. ತೆರೆದರೆ ಸರಿ.

ತೊಂದರೆ ಯಾವ ತುಂಡಿನಲ್ಲಿದೆ? ಉತ್ತರ ನೋಡುವ ಮೊದಲು ಗೆಳೆಯರೊಂದಿಗೆ ಚರ್ಚಿಸಿ.

ಉತ್ತರ: 1. ಎರಡನೆಯ ತುಂಡು, ವೈ-ಫೈ. ರೂಟರಿನ ಜಾಗ ಬದಲಿಸಿ ನೋಡಬೇಕು. 2. ಐದನೆಯ ತುಂಡಿನ ನೂಕುನುಗ್ಗಲು. 3. ನಾಲ್ಕನೆಯ ತುಂಡು. ಕಿಟಕಿಯ ಸಂದಿಯಲ್ಲಿ ಫೈಬರ್ ಬಗ್ಗುತ್ತಿದೆ; ಅದನ್ನು ಬೇರೆ ತೂತಿನಿಂದ ತರಬೇಕು.